ಹಳಿಯ ಮೇಲೆ ಒಡೆದ ಬೂದುಗುಂಬಳ

ಸಮುದ್ರದಾಚೆಯ ಈ ದೇಶದಲ್ಲಿ, ಪುಚೊಂಗ್‌ನ ನಮ್ಮ ಮನೆಯಿಂದ ಹೊರಟು ಬಂಟಿಂಗ್ ದಾರಿಯಲ್ಲಿ ಸಾಕಷ್ಟು ದೂರ ಹೋಗಿ ಒಳಕ್ಕೆ ತಿರುಗಿದರೆ ಒಂದು ಹಳೆಯ ತಾಳೆಎಣ್ಣೆ ತೋಟ ಸಿಗುತ್ತದೆ. ಅದರೊಳಗೆ ಒಂದು ಪುಟ್ಟ ರೈಲಿದೆ. ಹಳಿಗಳ ನಡುವಿನ ಅಗಲ ನಮ್ಮ ಮನೆಯ ಊಟದ ಮೇಜಿನಷ್ಟು. ಒಂದು ಕಾಲದಲ್ಲಿ ತಾಳೆಗೊನೆಗಳನ್ನು ಕಾರ್ಖಾನೆಗೆ ಹೊತ್ತು ತರುತ್ತಿದ್ದ ರೈಲಂತೆ. ಲಾರಿಗಳು ಬಂದ ಮೇಲೆ ಹಳಿಯನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು. ಉಳಿದ ಒಂದು ತುಂಡು ದಾರಿ, ಒಂದು ಉಗಿ ಎಂಜಿನ್ನು, ಮೂರು ಡಬ್ಬಿ, ಇಷ್ಟನ್ನು ಕೆಲವರು ಸೇರಿ ಉಳಿಸಿಕೊಂಡಿದ್ದಾರೆ. ಅಲ್ಲಿ ಯಾರಿಗೂ ಸಂಬಳವಿಲ್ಲ. ತಿಂಗಳಿಗೊಂದು ಭಾನುವಾರ ಬೆಂಕಿ ಹಾಕಿ ಓಡಿಸುತ್ತಾರೆ. ನೋಡಲು ಬಂದವರು ಮಕ್ಕಳನ್ನು ಹತ್ತಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತಾರೆ.

ವಾರವೆಲ್ಲ ಸೈಬರ್‌ಜಯಾದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನಮ್ಮ ಮನೆಯವರು ಅಲ್ಲಿ ಎಂಜಿನ್ನಿನ ಒಲೆಗೆ ಸೌದೆ ಹಾಕುತ್ತಾರೆ. ಮೊದಲನೇ ದಿನ ಅವರು ಬೂದಿ ಬಳಿಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮನೇಲಿ ಕುಡಿದ ಲೋಟ ಸಿಂಕಿಗೆ ಹಾಕಲ್ಲ, ಇಲ್ಲಿ ನೋಡಿದ್ರೆ ಬೂದಿ ಬಳೀತಿದೀರಲ್ರೀ."

"ಇಲ್ಲಿ ಬಳಿದ್ರೆ ರೈಲು ಓಡುತ್ತೆ ಕಣೆ. ಲೋಟ ಎತ್ತಿಟ್ರೆ ಏನು ಓಡುತ್ತೆ?"

"ಸಂಸಾರ ಓಡುತ್ತೆ," ಅಂದೆ.

ಅವರು ನಕ್ಕು ಇನ್ನೊಂದು ಸೌದೆ ತುರುಕಿದರು. ಲೋಟದ ವಿಷಯ ಅಲ್ಲಿಗೇ ನಿಂತಿತು.

ನಾನು ಹೋಗುವುದು ತಿಂಡಿ ಮಾಡಿ ಕೊಡಲು ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಹೋಗುವುದು ಆ ಹೊಗೆಯ ವಾಸನೆಗೆ. ನಮ್ಮ ಅಜ್ಜಿಯ ಊರು ಚಿಂತಾಮಣಿ. ಬೇಸಿಗೆ ರಜೆಗೆ ಯಲಹಂಕದ ಕಡೆಯಿಂದ ಇಂಥದ್ದೇ ಚಿಕ್ಕ ಹಳಿಯ ರೈಲಿನಲ್ಲಿ ಹೋಗುತ್ತಿದ್ದೆವು. ಮರದ ಬೆಂಚು, ಎದುರು ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತಿತ್ತು, ಹಾಗಾಗಿ ಅಪರಿಚಿತರು ಎಂದು ಯಾರೂ ಉಳಿಯುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಿಲ ಕಣ. ಅಮ್ಮ ಬೈಯುತ್ತಲೇ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿಗಾಳಿ ಊದಿ, ಕಣ್ಣಿಗೆ ಒತ್ತುತ್ತಿದ್ದಳು. ಆ ಬಿಸಿಗೆ ಇನ್ನೊಂದು ಕಣ್ಣಿಗೂ ಕಣ ಬೀಳಲಿ ಅನ್ನಿಸುತ್ತಿತ್ತು. ಆ ದಾರಿಯನ್ನು ಆಮೇಲೆ ದೊಡ್ಡ ಹಳಿಗೆ ಬದಲಾಯಿಸಿದರು. ಅಮ್ಮನೂ ಈಗಿಲ್ಲ. ಹೊಗೆ ಮಾತ್ರ ಸಮುದ್ರ ದಾಟಿದ ಮೇಲೂ ಒಂದೇ ಥರ ಇದೆ. ಇಷ್ಟಾದರೂ ದೇವರು ಉಳಿಸಿಕೊಟ್ಟನಲ್ಲ ಎಂದುಕೊಳ್ಳುತ್ತೇನೆ. ನನ್ನ ಮಗಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. "ವೈ ಸೋ ಸ್ಲೋ, ಅಮ್ಮಾ? ಓಡಿದ್ರೆ ನಾನೇ ಫಾಸ್ಟು," ಅನ್ನುತ್ತಾಳೆ. ಆದರೂ ಕಿಟಕಿ ಪಕ್ಕದ ಜಾಗವನ್ನು ಯಾರಿಗೂ ಬಿಡುವುದಿಲ್ಲ.

ಎಂಜಿನ್ನು ಓಡಿಸುವವರು ಎಪ್ಪತ್ತು ದಾಟಿದ ಒಬ್ಬ ತಮಿಳರು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಹುಟ್ಟಿದ್ದು ಆ ತೋಟದ ಕೂಲಿ ಲೈನಿನ ಮನೆಯಲ್ಲಿ. ಅವರ ಅಪ್ಪ ಓಡಿಸುತ್ತಿದ್ದುದೂ ಇದೇ ಎಂಜಿನ್ನು. ಹರೆಯದಲ್ಲಿ ಇವರೂ ಓಡಿಸಿ, ರೈಲು ನಿಂತ ಮೇಲೆ ಬಾಳೆಲ್ಲ ಲಾರಿ ಓಡಿಸಿದರು. ಅವರು ತಮಿಳಿನಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಇಬ್ಬರಿಗೂ ಮುಕ್ಕಾಲು ಪಾಲು ಅರ್ಥವಾಗುತ್ತದೆ; ಉಳಿದ ಕಾಲು ಭಾಗ ಟೀ ಕೊಟ್ಟಾಗ ಸರಿಹೋಗುತ್ತದೆ.

ರೈಲಿನ ಜವಾಬ್ದಾರಿಯೆಲ್ಲ ಇನ್ನೊಬ್ಬರದು, ಹಿಂದೆ ಗ್ಯಾರೇಜು ಇಟ್ಟಿದ್ದ ಚೀನೀ ಅಂಕಲ್. ಅಣ್ಣನಿಗೂ ಅವರಿಗೂ ಚಿಕ್ಕಂದಿನಿಂದ ಸ್ನೇಹ. ಅಣ್ಣ ಅವರನ್ನು ಛೇಡಿಸಲು 'ತೌಕೆ' ಎಂದು ಕರೆಯುತ್ತಾರೆ. ಇಲ್ಲಿ ಧಣಿಗಳನ್ನು ಹಾಗೆ ಕರೆಯುವುದು. ಇಬ್ಬರೂ ಕೆಲಸ ಮುಗಿಸಿ ಒಂದೇ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಕೂತು ಟೀ ಕುಡಿಯುತ್ತಾರೆ, ಒಬ್ಬರ ತಪ್ಪನ್ನು ಒಬ್ಬರು ಎಣಿಸುತ್ತಾರೆ.

ಕಳೆದ ವರ್ಷ ನವರಾತ್ರಿಗೆ ಮುಂಚಿನ ತಿಂಗಳು ಏರಿನಲ್ಲಿ ರೈಲು ನಿಂತುಬಿಟ್ಟಿತು. ಪ್ಲಾಟ್‌ಫಾರ್ಮಿನಿಂದ ಹೊರಟ ಕೂಡಲೇ ಒಂದು ಏರು ಇದೆ. ಅಲ್ಲಿ ಉಗಿಯ ಹಿಡಿಯನ್ನು ಹದವಾಗಿ ಎಳೆಯಬೇಕು. ಅಣ್ಣನ ಕೈ ನಡುಗಿತು. ರೈಲು ನಿಂತು, ಒಂದಿಷ್ಟು ಹಿಂದಕ್ಕೂ ಜಾರಿತು. ಡಬ್ಬಿಯಲ್ಲಿದ್ದ ಹೆಂಗಸರು ಕೂಗಿಕೊಂಡರು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆದರೆ ಅಂಕಲ್ ಅವತ್ತೇ ಎಲ್ಲರ ಮುಂದೆ ಹೇಳಿದರು: ಬರುವ ತಿಂಗಳು ಇನ್ನೊಂದು ಸಲ ನೋಡೋಣ; ಏರಿನಲ್ಲಿ ಮತ್ತೆ ತೊಂದರೆಯಾದರೆ ಅಣ್ಣ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರಬೇಕು, ಎಂಜಿನ್ನು ನಮ್ಮ ಮನೆಯವರ ಕೈಗೆ.

ಅಣ್ಣ ನಾನು ಕೊಟ್ಟ ಚಿತ್ರಾನ್ನವನ್ನು ಅರ್ಧಕ್ಕೇ ಬಿಟ್ಟರು. ಆ ಮನುಷ್ಯ ತಟ್ಟೆಯಲ್ಲಿ ಅಗುಳು ಬಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, "ನಿಮಗೆ ಆಸೆ ಇದೆಯಾ?"

"ಸುಳ್ಳು ಯಾಕೆ ಹೇಳ್ಲಿ? ಇದೆ. ಆದ್ರೆ ಹೀಗೆ ಬೇಡ."

ಆ ತಿಂಗಳೆಲ್ಲ ದೇವರ ಮುಂದೆ ನಿಂತಾಗ ಅಣ್ಣನ ಕೈ ಗಟ್ಟಿಯಾಗಿರಲಿ ಎಂದು ಕೇಳಿಕೊಂಡೆ. ಗಂಡನ ಬಡ್ತಿ ತಪ್ಪಿಸಪ್ಪಾ ಎಂದು ಬೇಡಿಕೊಂಡ ಹೆಂಡತಿ ನಾನೊಬ್ಬಳೇ ಇರಬೇಕು.

ಮುಂದಿನ ಓಟದ ಭಾನುವಾರ ಆಯುಧಪೂಜೆಯ ವಾರಕ್ಕೇ ಬಂತು. ಎಂಜಿನ್ನಿಗೆ ಪೂಜೆ ಮಾಡೋಣ ಎಂದವರು ಅಣ್ಣ. ಅವರ ಅಪ್ಪನ ಕಾಲದಲ್ಲಿ ಮಾಡುತ್ತಿದ್ದರಂತೆ. ಬೂದುಗುಂಬಳವನ್ನು ಅವರೇ ತಂದರು. ನಾನು ಅರಿಸಿನ, ಕುಂಕುಮ, ಸೇವಂತಿಗೆ ತೆಗೆದುಕೊಂಡು ಹೋದೆ. ಎಂಜಿನ್ನಿನ ಮೂತಿಗೆ ಮಾವಿನೆಲೆ ಸಿಗದೆ ಬೇರೆ ಯಾವುದೋ ಎಲೆಯ ತೋರಣ ಕಟ್ಟಿದೆವು. ಎಲ್ಲವೂ ದೇವರ ಗಿಡವೇ ತಾನೇ. ಅಂಕಲ್ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಇಲ್ಲಿಯವರ ಹಾಗೆ ಅವರ ಮಾತಿನ ಕೊನೆಗೂ ಒಂದು 'ಲಾ' ಅಂಟಿಕೊಂಡಿರುತ್ತದೆ.

"ಗೇಜಿನ ಗಾಜಿಗೆ ಕುಂಕುಮ ಹಚ್ಚಬೇಡ ಲಾ. ಉಗಿ ಎಷ್ಟಿದೆ ಅಂತ ಕಾಣಬೇಕು."

"ನಿನ್ನ ಹಣೆಗೆ ಹಚ್ಚಲಾ, ತೌಕೆ?" ಅಣ್ಣ ಕೇಳಿದರು.

"ಹಚ್ಚು. ನನಗೆ ಗೇಜಿಲ್ಲ."

ಅಣ್ಣ ನಿಜವಾಗಿಯೂ ಹೋಗಿ ಹಚ್ಚಿದರು. ಮಕ್ಕಳೆಲ್ಲ ನಕ್ಕರು. ಒಂದು ತಿಂಗಳ ಬಿಗುವು ಸ್ವಲ್ಪ ಸಡಿಲವಾದಂತೆ ಕಂಡಿತು.

ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು. ಅಣ್ಣ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಎಂಜಿನ್ನಿಗೆ ನಿವಾಳಿಸಿ, ಎರಡು ಕೈಯಲ್ಲೂ ತಲೆಯ ಮೇಲಕ್ಕೆತ್ತಿ ಬಲವಾಗಿ ಅಪ್ಪಳಿಸಿದರು. ನೆಲಕ್ಕಲ್ಲ, ಚಕ್ರದ ಮುಂದಿನ ಹಳಿಗೇ. ಅಪ್ಪ ಹಾಗೇ ಒಡೆಯುತ್ತಿದ್ದರು ಎಂದರು. ಕಾಯಿ ಚೂರುಚೂರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕಲ್ ಪೊರಕೆಯಿಂದ ಹೋಳುಗಳನ್ನು ಪಕ್ಕಕ್ಕೆ ಸರಿಸಿದರು. ಜನ ಹತ್ತಿದರು, ಮಗಳು ಕಿಟಕಿ ಹಿಡಿದಳು, ಎಂಜಿನ್ನು ಸೀಟಿ ಊದಿತು.

ಅಣ್ಣ ಹಿಡಿ ಎಳೆದರು. ಎಂಜಿನ್ನು ಒಂದು ಮಾರು ಮುಂದೆ ಹೋಗಿ, ಏರು ಶುರುವಾಗುವಲ್ಲಿ ಬುಸುಬುಸು ಎಂದು ಹುಚ್ಚು ಹಿಡಿದ ಹಾಗೆ ಉಸಿರುಬಿಟ್ಟಿತು. ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗುತ್ತಿದ್ದವು. ರೈಲು ಮಾತ್ರ ಅಲ್ಲಾಡಲಿಲ್ಲ. ಅಣ್ಣ ಉಗಿ ನಿಲ್ಲಿಸಿ ಮತ್ತೆ ನಿಧಾನವಾಗಿ ಎಳೆದರು. ಮತ್ತೆ ಅದೇ.

ನಾನು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಪೂಜೆಯ ತಟ್ಟೆ ಹಿಡಿದು ನಿಂತಿದ್ದೆ. ಅಂಕಲ್ ಮುಖ ನೋಡಿದೆ. ಹಣೆಯಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು. ಅವರು ಎಂಜಿನ್ನಿನ ಕಡೆ ನಡೆದರು.

"ಸಾಕು ಲಾ," ಎಂದರು ಮೆಲ್ಲಗೆ. "ಇಳಿ. ಅವನು ನೋಡಲಿ."

ಅಣ್ಣ ಹಿಡಿಯಿಂದ ಕೈ ತೆಗೆದರು. ನಮ್ಮ ಮನೆಯವರು ತಲೆ ತಗ್ಗಿಸಿ ಸೌದೆಯ ರಾಶಿಯನ್ನೇ ನೋಡುತ್ತಿದ್ದರು. ನನ್ನ ಕಣ್ಣು ಕೂಡ ತಾನಾಗಿ ಕೆಳಗಿಳಿದು ಹಳಿಯ ಮೇಲೆ ಬಿತ್ತು. ಹಳಿ ಮಿರಮಿರ ಮಿನುಗುತ್ತಿತ್ತು. ಅದರ ಮೇಲೆ ಅರೆದ ಬಿಳಿ ತಿರುಳು, ಎರಡು ಬೀಜ.

ಬೆಂಗಳೂರಿನಲ್ಲಿ ಆಯುಧಪೂಜೆಯ ಮಾರನೆಯ ದಿನ ರಸ್ತೆಗಿಳಿದವರಿಗೆ ಇದು ಗೊತ್ತಿರುತ್ತದೆ. ಅಂಗಡಿ ಅಂಗಡಿಯ ಮುಂದೆ ಒಡೆದ ಕುಂಬಳಕಾಯಿಯ ಮೇಲೆ ಸ್ಕೂಟರು ಜಾರಿ ಎಷ್ಟು ಜನ ಮಂಡಿ ತರಚಿಕೊಳ್ಳುತ್ತಾರೋ. ನಮ್ಮ ಮನೆಯವರೇ ಮದುವೆಯಾದ ಹೊಸದರಲ್ಲಿ ಹಾಗೆ ಬಿದ್ದು, ಹೊಸ ಪ್ಯಾಂಟು ಹರಿದುಕೊಂಡು ಬಂದಿದ್ದರು.

"ರೀ! ಕುಂಬಳಕಾಯಿ!" ಎಂದು ಕೂಗಿದೆ. "ಕೈದಲ್ಲ ತಪ್ಪು, ಕುಂಬಳಕಾಯಿದು! ಹಳಿ ನೋಡ್ರೀ, ಜಾರ್ತಾ ಇದೆ!"

ಅವರಿಗೆ ತಕ್ಷಣ ಹೊಳೆಯಿತು. ಜಿಗಿದಿಳಿದು ಹಳಿಯ ಮೇಲೆ ಬೆರಳಾಡಿಸಿ ಅಂಕಲ್‌ಗೆ ತೋರಿಸಿದರು. ಅಂಕಲ್ ತಾವೂ ಮುಟ್ಟಿದರು. ಎರಡು ಬೆರಳು ಉಜ್ಜಿ ನೋಡಿ, ತಮ್ಮ ಭಾಷೆಯಲ್ಲಿ ಏನೋ ಬೈದರು. ಹೋಳುಗಳನ್ನು ಗುಡಿಸಿದವರು ಅವರೇ. ಹಳಿಯ ಮೇಲೆ ಕಾಯಿಯ ನೀರು ಉಳಿದದ್ದು ಅವರಿಗೂ ಕಂಡಿರಲಿಲ್ಲ. ಚಕ್ರ ಜಾರದಂತೆ ಅದರ ಮುಂದೆ ಉದುರಿಸಲೆಂದೇ ಎಂಜಿನ್ನಿನಲ್ಲೊಂದು ಮರಳಿನ ಪೆಟ್ಟಿಗೆಯಿದೆ. ಆ ವಾರದ ಮಳೆಗೆ ಮರಳು ಒದ್ದೆಯಾಗಿ ಕಲ್ಲಾಗಿತ್ತು. ನಮ್ಮ ಮನೆಯವರು ಶೆಡ್ಡಿನಿಂದ ಒಣ ಬೂದಿ ತಂದರು. ರೈಲನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು, ಗೋಣಿಯಿಂದ ಹಳಿ ಒರೆಸಿ, ಚಕ್ರ ಒರೆಸಿ, ಏರಿನ ಉದ್ದಕ್ಕೂ ಬೂದಿ ಎರಚಿದರು.

ಅಂಕಲ್ ಎಂಜಿನ್ನಿನ ಮೆಟ್ಟಿಲ ಹತ್ತಿರ ನಿಂತು ಅಣ್ಣನ ಕಡೆ ನೋಡದೆ ಹೇಳಿದರು: "ಈ ಸಲದ್ದು ಲೆಕ್ಕಕ್ಕಿಲ್ಲ. ಈಗ ಎಳೆ."

ಅಣ್ಣ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿ ಹಿಡಿದರು.

ಚಿಂತಾಮಣಿಗೆ ಹೋಗುವ ರೈಲು ನಂದಿಯ ಹತ್ತಿರ ಏರು ಹತ್ತುವಾಗ, ನಮ್ಮನ್ನು ಕರೆದೊಯ್ಯಲು ಬರುತ್ತಿದ್ದ ನಮ್ಮಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಗಿಯುವುದು ನಿಲ್ಲಿಸಿ ಕೈಮುಗಿಯುತ್ತಿದ್ದಳು. "ಪಾಪ, ಎಳೀತಾ ಐತೆ. ಗಲಾಟೆ ಮಾಡ್ಬ್ಯಾಡ್ರಿ," ಎಂದು ಡಬ್ಬಿಯವರಿಗೆಲ್ಲ ಗದರುತ್ತಿದ್ದಳು. ನಾವು ನಗುತ್ತಿದ್ದೆವು. ಅವತ್ತು ಪ್ಲಾಟ್‌ಫಾರ್ಮಿನ ಮೇಲೆ ನಾನು ತಟ್ಟೆ ಕೆಳಗಿಟ್ಟು ಕೈಮುಗಿದೆ. ಯಾವ ಸ್ತೋತ್ರವೂ ನೆನಪಿಗೆ ಬರಲಿಲ್ಲ. ಎಳೀಲಪ್ಪಾ, ಎಳೀಲಿ, ಅಷ್ಟೇ.

ಎಂಜಿನ್ನು ಒಂದು ಉಸಿರು ಬಿಟ್ಟಿತು. ನಿಧಾನಕ್ಕೆ ಇನ್ನೊಂದು. ನಡುವೆ ಒಮ್ಮೆ ಚಕ್ರ ಕಿರ್ರೆಂದು ಜಾರಿ, ಹಿಡಿದುಕೊಂಡಿತು. ಕಡೆಯ ಡಬ್ಬಿ ಏರಿನ ನೆತ್ತಿ ದಾಟಿ ತಾಳೆಮರಗಳ ಹಿಂದೆ ಮರೆಯಾಗುವವರೆಗೂ ಅಂಕಲ್ಲೂ ನಾನೂ ಅದನ್ನೇ ನೋಡುತ್ತ ನಿಂತಿದ್ದೆವು.

ಸುತ್ತು ಮುಗಿಸಿ ಬಂದ ಮೇಲೆ ಅಣ್ಣ ಕೆಳಗಿಳಿಯಲಿಲ್ಲ. ಸೀಟಿನಲ್ಲೇ ಕೂತು ಕೇಳಿದರು, "ಏನು ತೌಕೆ, ಟಿಕೆಟ್ ಕಿಟಕಿಯಾ?"

"ನಿನ್ನನ್ನ ಅಲ್ಲಿ ಕೂರಿಸಿದರೆ ಬಂದವರ ಜೊತೆಯೆಲ್ಲ ಜಗಳ ಆಡ್ತೀಯ. ಯಾರಿಗೆ ಬೇಕು ಲಾ." ಅಂಕಲ್ ದನಿ ತಗ್ಗಿಸಿದರು. "ಆದರೆ ಹೋದ ತಿಂಗಳು ಕುಂಬಳಕಾಯಿ ಇರಲಿಲ್ಲ. ನಿನ್ನ ಕೈ ನಡುಗಿದ್ದು ನಾನು ನೋಡಿದೀನಿ. ಇನ್ನು ಮೇಲೆ ಏರಿನಲ್ಲಿ ಇವನು ನಿನ್ನ ಪಕ್ಕ ನಿಲ್ಲಬೇಕು."

ಅಣ್ಣ ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ನಮ್ಮ ಮನೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಲ್ಲಲಿ," ಅಂದರು. "ಮುಟ್ಟಬಾರದು."

ನಾನು ದೇವರಲ್ಲಿ ಕೇಳಿದ್ದು ಪೂರ್ತಿಯಾಗಿ ಸಿಗಲಿಲ್ಲ. ಸಿಕ್ಕಿದ್ದು ಕಡಿಮೆಯೂ ಅಲ್ಲ. ಅವತ್ತು ಅಣ್ಣ ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡರು.

ಈಗಲೂ ಪ್ರತಿ ತಿಂಗಳು ಹಾಗೇ ನಡೆಯುತ್ತಿದೆ. ಏರು ಹತ್ತಿರವಾದ ಕೂಡಲೇ ನಮ್ಮ ಮನೆಯವರು ಸೌದೆ ಕೆಳಗಿಟ್ಟು ಅಣ್ಣನ ಪಕ್ಕಕ್ಕೆ ಬಂದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಅಣ್ಣ ಒಮ್ಮೆ ತಿರುಗಿ ಆ ಕೈಗಳು ಅಲ್ಲೇ ಇವೆಯೇ ಎಂದು ನೋಡಿಕೊಂಡು, ಹಿಡಿ ಎಳೆಯುತ್ತಾರೆ.