ದುರ್ಬೀನಿನ ಮುಂದೆ ಹೇಳಿದ ಸುಳ್ಳು

ಮೊದಲ ಸಲ ದುರ್ಬೀನಿನಲ್ಲಿ ಚಂದ್ರನನ್ನು ನೋಡಲು ಹೋದಾಗ ನಾನು ಚಂದ್ರನನ್ನು ನೋಡಲೇ ಇಲ್ಲ. ನೋಡಿದೆ ಎಂದು ಹೇಳಿ ಬಂದೆ. ಈಗ ಇದನ್ನು ಬರೆಯುವಾಗ ನಗು ತಡೆಯಲಾಗುತ್ತಿಲ್ಲ. ಆದರೆ ಆಗ ಪೂರಾ ಒಂದು ತಿಂಗಳು ಆ ಸುಳ್ಳು ನನ್ನ ಹೊಟ್ಟೆಯಲ್ಲಿ ಬೇಯದ ಕಾಳಿನ ಹಾಗೆ ಕೂತಿತ್ತು.

ನಾನು ಯಾದಗಿರಿ ಕಡೆಯವಳು. ಊರ ಶಾಲೆಯಲ್ಲಿ ಮೂರನೇ ಇಯತ್ತೆ ತನಕ ಕಲಿತೆ. ಲಗ್ನವಾಗಿ ಪುಣೆಗೆ ಬಂದ ಮೇಲೆ ಗೌಂಡಿಗಳ ಕೈಕೆಳಗೆ ಸಿಮೆಂಟಿನ ಬುಟ್ಟಿ ಹೊತ್ತೆ. ಖರಾಡಿಯಲ್ಲಿ ಈಗ ಗಾಜು ಹೊದ್ದು ನಿಂತಿರುವ ಕಟ್ಟಡಗಳಲ್ಲಿ ಎರಡರ ಒಳಗೋಡೆ ನನಗೆ ಗೊತ್ತು, ಅವುಗಳಿಗೆ ನನ್ನ ಗುರುತಿಲ್ಲ. ನಮ್ಮ ಯಜಮಾನರು ಕೋಥರೂಡದ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದರು. ಈಗ ಇಬ್ಬರೂ ಯೆರವಡಾದ ಮನೆಯಲ್ಲೇ ಇರುತ್ತೇವೆ. ಓಣಿಯ ತುಂಬ ನಮ್ಮ ಹಾಗೆ ಕಟ್ಟಡ ಕೆಲಸಕ್ಕೆ ಬಂದ ಕನ್ನಡದವರೇ. ಮಗ, ಸೊಸೆ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗಳು ಬಿ.ಎಸ್ಸಿ. ಎರಡನೇ ವರ್ಷ. ನನ್ನನ್ನು ಆಯಿ ಎನ್ನುತ್ತಾಳೆ, ನಮ್ಮ ಕಡೆ ಅಜ್ಜಿಯನ್ನು ಕರೆಯುವುದೇ ಹಾಗೆ.

ಪುಣೆಯ ನಡುವೆ ಒಂದು ಸಣ್ಣ ದಿಬ್ಬದ ಮೇಲೆ ಹಳೆಯ ವೇಧಶಾಲೆ ಇದೆ. ಗ್ರಹ, ನಕ್ಷತ್ರ ನೋಡುವುದಕ್ಕೆಂದೇ ಇಂಗ್ರೇಜರ ಕಾಲದಲ್ಲಿ ಕಟ್ಟಿದ ಕಲ್ಲಿನ ಮನೆ. ಅದರ ಮೇಲೆ ಬೋಗುಣಿ ಬೋರಲು ಹಾಕಿದಂಥ ತಗಡಿನ ಗುಮ್ಮಟ. ಒಂದು ಹಗ್ಗ ಎಳೆದರೆ ಗುಮ್ಮಟ ಸೀಳಿಕೊಂಡು ಆಕಾಶ ಕಾಣುತ್ತದೆ. ಇನ್ನೊಂದು ಹಗ್ಗ ಎಳೆದರೆ ಇಡೀ ಗುಮ್ಮಟ ಬೀಸುಕಲ್ಲಿನ ಹಾಗೆ ಗರಗರ ತಿರುಗುತ್ತದೆ. ಒಳಗೆ ಹಿತ್ತಾಳೆಯ ಉದ್ದನೆಯ ದುರ್ಬೀನು. ನನ್ನ ಅಜ್ಜನಿಗಿಂತ ಅದಕ್ಕೆ ವಯಸ್ಸು ಹೆಚ್ಚಂತೆ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯುತ್ತಾರೆ, ಯಾರು ಬೇಕಾದರೂ ಬಂದು ನೋಡಬಹುದು. ಬಂದವರಿಗೆ ತೋರಿಸುವ ಹುಡುಗ ಹುಡುಗಿಯರಲ್ಲಿ ನನ್ನ ಮೊಮ್ಮಗಳೂ ಒಬ್ಬಳು.

ಅವಳು ಮೊದಲ ಸಲ ಈ ವಿಷಯ ಹೇಳಿದಾಗ ನಮ್ಮ ಯಜಮಾನರು, "ಚಂದ್ರನ್ನ ತೋರಸ್ಲಾಕ ಕಾಲೇಜ್ ಕಲೀಬೇಕೇನ? ಅಂಗಳಕ್ಕ ಬಂದ್ರ ತಾನೇ ಕಾಣ್ತಾನ" ಎಂದರು.

"ನೀ ಸುಮ್ಮನಿರು ಮುತ್ಯಾ. ಆಯೀನ ಕರ್ಕೊಂಡು ಹೋಗ್ತೀನಿ, ನಿನ್ನ ಒಯ್ಯಂಗಿಲ್ಲ" ಎಂದು ಅಜ್ಜನಿಗೆ ತಿರುಗಿ ಹೇಳಿದಳು.

ಹಾಗೆ ನಾನು ಹೋದೆ. ಚಳಿಗಾಲದ ಸಂಜೆ, ಗುಮ್ಮಟದೊಳಗೆ ಒಂದು ಕೆಂಪು ಬಲ್ಬಿನ ಮಂದ ಬೆಳಕು. ಕಬ್ಬಿಣದ ಮೆಟ್ಟಿಲ ಮೇಲೆ ಮಂದಿ ಸಾಲು ನಿಂತಿದ್ದರು. ದುರ್ಬೀನಿನ ಪಕ್ಕದಲ್ಲಿ ನನ್ನ ಹುಡುಗಿ, ಕೊರಳಲ್ಲಿ ಕಾರ್ಡು, ದೊಡ್ಡ ದೊಡ್ಡವರಿಗೆ ಮರಾಠಿಯಲ್ಲಿ ಹಿಂದೆ ಸರಿಯಿರಿ, ಕೈ ಹಚ್ಚಬೇಡಿ ಎಂದು ಹುಕುಂ ಮಾಡುತ್ತಿದ್ದಳು. ನನಗೆ ಅಲ್ಲೇ ಹೊಟ್ಟೆ ತುಂಬಿತು. ಪ್ರತಿಯೊಬ್ಬರೂ ಬಗ್ಗಿ ನೋಡುತ್ತಿದ್ದರು. ಅವಳು "ದಿಸ್ಲಾ ಕಾ?" ಎಂದು ಕೇಳುತ್ತಿದ್ದಳು, ಕಂಡನೇ ಅಂತ. ಅವರು "ವಾ, ಛಾನ್!" ಎಂದು ಇಳಿದುಹೋಗುತ್ತಿದ್ದರು.

ನನ್ನ ಪಾಳಿ ಬಂತು. "ಒಂದು ಕಣ್ಣ ಮುಚ್ಚಿ ನೋಡು ಆಯಿ" ಎಂದಳು.

ನೋಡಿ, ಅಲ್ಲೇ ಇರುವುದು ತೊಡಕು. ನನಗೆ ಒಂದು ಕಣ್ಣು ಮುಚ್ಚಲು ಬರುವುದಿಲ್ಲ. ಸಣ್ಣವಳಿದ್ದಾಗ ಒಮ್ಮೆ ಆಟಕ್ಕೆ ಒಂದು ಕಣ್ಣು ಮುಚ್ಚಿದ್ದಕ್ಕೆ ನಮ್ಮವ್ವ ಬೆನ್ನಿಗೆ ಸರಿಯಾಗಿ ಬಿಟ್ಟಿದ್ದಳು. ಮರ್ಯಾದೆಯ ಮನೆಯ ಹೆಣ್ಣುಮಕ್ಕಳು ಕಣ್ಣು ಹೊಡೆಯುವುದಿಲ್ಲ ಎಂದು. ಅವತ್ತಿನಿಂದ ನನ್ನ ಎರಡೂ ಕಣ್ಣು ಜೊತೆಗೇ ತೆರೆಯುತ್ತವೆ, ಜೊತೆಗೇ ಮುಚ್ಚುತ್ತವೆ. ನಾನು ದುರ್ಬೀನಿಗೆ ಮುಖ ಹಚ್ಚಿ ಒಂದು ಕಣ್ಣು ಮುಚ್ಚಲು ಹೋದೆ, ಎರಡೂ ಮುಚ್ಚಿದವು. ಕಗ್ಗತ್ತಲೆ. ತೆರೆದರೆ ಹೊರಗಿನ ಕಣ್ಣಿಗೆ ಹಿತ್ತಾಳೆ, ಕೆಂಪು ಬಲ್ಬು, ಯಾರದೋ ಸ್ವೆಟರು. ಒಳಗಿನ ಕಣ್ಣಿಗೆ ನನ್ನದೇ ರೆಪ್ಪೆಗೂದಲು. ಮತ್ತೆ ಮುಚ್ಚಿದೆ. ಹಿಂದೆ ಯಾರೋ ಕೆಮ್ಮಿದರು.

"ಕಾಣ್ತಾನಾ ಆಯಿ?"

ಅವಳ ಮುಖ ನೋಡಿದೆ. "ಕಾಣ್ತಾನವ್ವಾ, ಭಾಳ ಚಂದ ಅದಾನ" ಎಂದೆ.

"ಏನ್ ಕಾಣ್ತು?"

"ಮೊಲ ಕಾಣ್ತು."

"ಮೊಲ ಬರೇ ಕಣ್ಣಿಗೂ ಕಾಣ್ತದಲ್ಲ!" ಎಂದು ನಕ್ಕಳು. ಅಷ್ಟರಲ್ಲಿ ಹಿಂದಿನ ಹೆಂಗಸು ಮುಂದೆ ಬಂದಳು, ನಾನು ಬದುಕಿದೆ ಎಂದು ಮೆಟ್ಟಿಲಿಳಿದೆ.

ಅಲ್ಲಿಗೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಮೊಮ್ಮಗಳು, ಆಯಿ ಚಂದ್ರನನ್ನು ನೋಡಿದಳು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಪಕ್ಕದ ಮನೆಯವಳು, ನನ್ನ ಜೊತೆ ಬುಟ್ಟಿ ಹೊತ್ತ ಗೆಳತಿ, ಓಡಿ ಬಂದು "ಹೆಂಗ ಇದ್ದಾನಬೇ ಚಂದ್ರಾಮ ಒಳಗ?" ಎಂದು ಕೇಳಿದಳು. ನಾನು ಹಿಟ್ಟು ನಾದುವ ಪರಾತದಷ್ಟು ದೊಡ್ಡವನಿದ್ದ ಎಂದೆ. ಮರುದಿನ ಇನ್ನೊಬ್ಬಳು ಕೇಳಿದಳು, ಬಂಡಿಯ ಗಾಲಿಯಷ್ಟು ಎಂದೆ. ಹೇಳುತ್ತ ಹೇಳುತ್ತ ನನ್ನ ಚಂದ್ರ ಬೆಳೆಯುತ್ತಲೇ ಹೋದ.

ಓಣಿಯ ಹೆಂಗಸರು ನಮ್ಮನ್ನೂ ಕರೆದೊಯ್ಯಿ ಎಂದು ಮೊಮ್ಮಗಳ ಬೆನ್ನು ಹತ್ತಿದರು. ವೇಧಶಾಲೆ ನೋಡಿಕೊಳ್ಳುವ ವಯಸ್ಸಾದ ಸರ್ ಒಬ್ಬರಿದ್ದಾರೆ. ಅವಳು ಅವರನ್ನು ಕೇಳಿ ಒಪ್ಪಿಸಿದಳು. ಮುಂದಿನ ತಿಂಗಳು ಮತ್ತೆ ಅರ್ಧ ಚಂದ್ರ ಬರುವ ಶನಿವಾರ, ನಮ್ಮ ಓಣಿಯವರಿಗಾಗಿಯೇ ಒಂದು ಸಂಜೆ, ಎಲ್ಲ ಕನ್ನಡದಲ್ಲಿ. ಅದು ಚೆನ್ನಾಗಿ ನಡೆದರೆ ಕಟ್ಟಡ ಕೆಲಸದವರು ಇರುವ ಬೇರೆ ಬೇರೆ ವಸ್ತಿಗಳ ನಮ್ಮ ಮಂದಿಯನ್ನೂ ಹೀಗೆ ಕರೆಯೋಣ, ಅದನ್ನು ನೀನೇ ನಡೆಸು ಎಂದು ಸರ್ ಹೇಳಿದ್ದರಂತೆ. ಹುಡುಗಿಗೆ ನೆಲದ ಮೇಲೆ ಕಾಲಿಲ್ಲ.

ಆದರೆ ಒಂದು ಕಷ್ಟವಿತ್ತು. ಅವಳು ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಮನೆಯ ಕನ್ನಡ ಮಾತಾಡುತ್ತಾಳೆ, ಚಂದ್ರನ ಮೇಲಿನ ತಗ್ಗು ದಿಬ್ಬಗಳನ್ನು ಕನ್ನಡದಲ್ಲಿ ಹೇಳು ಅಂದರೆ ತೊದಲುತ್ತಾಳೆ. ಆ ಶನಿವಾರಕ್ಕೆ ಎರಡು ದಿನ ಮೊದಲು ನಾನು ರೊಟ್ಟಿ ಬಡಿಯುತ್ತಿದ್ದೆ. ನೋಟ್‌ಬುಕ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು.

"ಆಯಿ, ಪುಸ್ತಕದ ಮಾತು ಬ್ಯಾಡ. ನೀ ನೋಡಿದಿಯಲ್ಲ, ನಿನಗ ಹೆಂಗ ಕಾಣ್ತು ಹಂಗ ಹೇಳು. ನಾ ನಿನ್ನ ಮಾತ ನಮ್ಮ ಮಂದಿಗಿ ಹೇಳ್ತೀನಿ."

ನಾನು ಹಿಟ್ಟು ಉದುರಿಸಿದೆ. "ದುಂಡಗ ಇತ್ತು" ಎಂದೆ.

"ಅವತ್ತ ದುಂಡಗ ಎಲ್ಲಿತ್ತು? ಒಂದು ಮಗ್ಗಲು ಕತ್ತಲಿತ್ತಲ್ಲ. ಆ ಕತ್ತಲು ಬೆಳಕು ಕೂಡೋ ಜಾಗದಾಗ ಏನ್ ಕಾಣ್ತು? ಅದು ಹೇಳು."

ರೊಟ್ಟಿ ತವಾದ ಮೇಲೆ ಕರಿಯಾಗತೊಡಗಿತು. ಅದನ್ನು ತಿರುವಿ ಹಾಕುವ ನೆಪದಲ್ಲಿ ಅತ್ತ ತಿರುಗಿಯೇ ಹೇಳಿದೆ: "ನಾ ಏನೂ ನೋಡಿಲ್ಲವ್ವಾ. ಎರಡೂ ಕಣ್ಣ ಮುಚ್ಚಿದ್ದೆ."

ಅವಳು ಪೆನ್ನು ಕೆಳಗಿಟ್ಟಳು. "ಮತ್ತ ಯಾಕ ಸುಳ್ಳ ಹೇಳ್ದಿ?"

"ನಿನ್ನ ಮಾರಿ ಅಷ್ಟು ಅರಳಿತ್ತು. ಹೆಂಗ ಇಲ್ಲ ಅನ್ನಲಿ?"

ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು, ಅವಳ ಮುಖ ಬಾಡಿತು. ನೋಟ್‌ಬುಕ್ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಎಲ್ಲಾರೂ ವಾ ಅಂತಾರ ಆಯಿ. ನಾ ಖರೇ ಅಂತ ತಿಳ್ಕೊಂಡಿದ್ದೆ. ಅದರಾಗ ನಿನ್ನಂಥೋರು ಎಷ್ಟ ಮಂದಿ ಇದ್ದಾರೋ" ಎಂದಳು.

ಆಗ ನನಗೆ ತಿಳಿಯಿತು, ಇದು ನನ್ನೊಬ್ಬಳ ನಾಚಿಕೆಯ ಮಾತಲ್ಲ. ಓಣಿಯ ಹೆಂಗಸರೆಲ್ಲ ನನ್ನ ಮಾತು ನಂಬಿ ಬರುತ್ತಿದ್ದಾರೆ. ಅವರೂ ನನ್ನ ಹಾಗೆ ಕತ್ತಲೆ ನೋಡಿ ಚಂದ ಅದ ಎಂದು ಇಳಿದು ಬಂದರೆ, ಈ ಹುಡುಗಿಯ ಸಂಜೆ ಏನಾದಂತಾಯಿತು?

ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಯಜಮಾನರು ಗಹಗಹಿಸಿದರು. "ಅಡಗಿಮನ್ಯಾಗ ಉಪ್ಪಿನ ಡಬ್ಬಿ ಕಾಣಂಗಿಲ್ಲ ಇಕಿಗಿ, ಚಂದ್ರ ಎಲ್ಲಿ ಕಾಣ್ತಾನ!"

"ನೀ ಮುಚ್ಚಿ ತೋರಸು ನೋಡೂನು, ಒಂದು ಕಣ್ಣ" ಎಂದಳು ಮೊಮ್ಮಗಳು.

ಅವರು ಮುಚ್ಚಲು ಹೋದರು. ಬಾಯಿ ಸೊಟ್ಟಗಾಯಿತು, ಮೀಸೆ ಮೇಲೇರಿತು, ಎರಡೂ ಕಣ್ಣು ಮುಚ್ಚಿದವು. ಬಾಡಿದ್ದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕ್ಯಾಲೆಂಡರಿನ ಹಾಳೆ ಸುತ್ತಿ ಕೊಳವೆ ಮಾಡಿದಳು. "ಕಣ್ಣ ಮುಚ್ಚೋದೇ ಬ್ಯಾಡ. ಎರಡೂ ತೆರದೇ ಇಡು, ಒಂದರ ಮ್ಯಾಲ ಅಂಗೈ ಇಡು." ಅಷ್ಟೇ! ಕೊಳವೆಯ ಆಚೆ ತುದಿಯಲ್ಲಿ ನಮ್ಮ ಯಜಮಾನರ ಮೂಗು ಚೊಕ್ಕವಾಗಿ ಕಂಡಿತು. ಇಷ್ಟು ಸಣ್ಣದಕ್ಕೆ ನಾನು ಒಂದು ತಿಂಗಳು ಒಳಗೊಳಗೇ ಬೆಂದಿದ್ದೆ.

ಶನಿವಾರ ಬಂತು. ಓಣಿಯ ಮಂದಿ ಹಬ್ಬದ ಸೀರೆ ಉಟ್ಟು ಸಿಟಿ ಬಸ್ ಹತ್ತಿದೆವು. ಗುಮ್ಮಟದ ಕೆಳಗೆ ಎಲ್ಲರೂ ಸೇರಿದಾಗ ಮೊಮ್ಮಗಳು ನನ್ನ ಕಿವಿಯಲ್ಲಿ, "ನೀನೇ ಹೇಳ್ತೀಯೇನು?" ಎಂದಳು. ಹೂಂ ಎಂದು ಸೆರಗು ಸಿಕ್ಕಿಸಿಕೊಂಡೆ. ಕಬ್ಬಿಣದ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟೆ.

"ನೋಡ್ರೆವ್ವಾ, ಹೋದ ಸಲ ನಾ ಚಂದ್ರನ್ನ ನೋಡಿಲ್ಲ. ನನಗ ಒಂದು ಕಣ್ಣ ಮುಚ್ಚಲಾಕ ಬರಂಗಿಲ್ಲ. ಪರಾತ, ಗಾಲಿ ಎಲ್ಲ ಸುಳ್ಳು."

ನನ್ನ ಗೆಳತಿ, "ಅಯ್ಯ ನಿನ್ನ! ಗಾಲಿ ನೋಡ್ಬೇಕಂತ ನಾ ಹೊಸ ಚಷ್ಮಾ ಹಾಕ್ಕೊಂಡು ಬಂದೀನಲ್ಲಬೇ!" ಎಂದಳು. ಗುಮ್ಮಟ ಅಲುಗುವಷ್ಟು ನಗು. ನಗು ನಿಲ್ಲುವ ಮೊದಲೇ ಹಿಂದಿನಿಂದ ಇಬ್ಬರು, ಮೂವರು, "ನಮಗೂ ಬರಂಗಿಲ್ಲರೀ, ಏನ್ ಮಾಡೋದು?" ಎಂದರು. ಮೊಮ್ಮಗಳು ಅಂಗೈ ಎತ್ತಿ ತೋರಿಸಿದಳು. ಓಣಿಗೆ ಓಣಿಯೇ ಒಂದು ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿತು, ಪರೀಕ್ಷೆಗೆ ಕೂತವರ ಹಾಗೆ.

ಮೊದಲು ನಾನು ಬಗ್ಗಿದೆ. ಕತ್ತಲೆ. ಸ್ವಲ್ಪ ಸರಿದೆ, ಬೆಳಕು ಬಂದು ಕಣ್ಣಿಗೆ ಹೊಡೆಯಿತು. ಆಮೇಲೆ, ಅಯ್ಯೋ ದೇವರೇ, ಅಲ್ಲಿದ್ದ.

"ಏನ್ ಕಾಣ್ಲತ್ತದ, ಹೇಳು" ಎಂದಳು. ಈ ಸಲ ಕಂಡನೇ ಎಂದು ಕೇಳಲಿಲ್ಲ.

ನನಗೆ ಮಾತು ತಾನಾಗಿಯೇ ಬಂತು. "ಹಸಿ ಪ್ಲಾಸ್ಟರ್ ಮ್ಯಾಲ ಹನಿ ಮಳಿ ಬಿದ್ದಂಗ ಅದ. ತೂತು, ತೂತು. ಬೆಳಕಿನ ಕಡಿ ಎಲ್ಲ ಸಪಾಟ ಕಾಣ್ತದ. ಕತ್ತಲಿ ಅಂಚಿಗಿ ಬಂದಂಗ ಒಂದೊಂದು ತೂತಿಗೂ ನೆರಳು."

ಪ್ಲಾಸ್ಟರ್ ಕೆಲಸ ಮಾಡಿದವರಿಗೆ ಇದು ಗೊತ್ತು. ನಡುಮಧ್ಯಾಹ್ನ ನೋಡಿದರೆ ಗೋಡೆ ನುಣ್ಣಗೆ ಕಾಣುತ್ತದೆ. ಬೆಳಿಗ್ಗೆ ಬಿಸಿಲು ಅಡ್ಡ ಬೀಳುವಾಗ ನೋಡಬೇಕು, ಉಬ್ಬು ತಗ್ಗು ಎಲ್ಲ ಎದ್ದು ನಿಲ್ಲುತ್ತವೆ. ಗೌಂಡಿ ಬೈಸಿಕೊಳ್ಳುವುದು ಆಗಲೇ. ಚಂದ್ರನ ಗೋಡೆಗೂ ಅಡ್ಡ ಬಿಸಿಲು ಬಿದ್ದಿತ್ತು. ಹುಣ್ಣಿಮೆ ಬಿಟ್ಟು ಅರ್ಧ ಚಂದ್ರನ ದಿನ ಯಾಕೆ ಕರೆಯುತ್ತಾರೆ ಎಂದು ಯಾರೂ ಹೇಳದೆ ನನಗೆ ತಿಳಿಯಿತು. ಮೊಮ್ಮಗಳಿಗೆ ಹೇಳಿದೆ. ಅವಳು ಮೆಟ್ಟಿಲ ಮೇಲಿದ್ದವರಿಗೆಲ್ಲ ಕೂಗಿ ಹೇಳಿದಳು, "ಕೇಳ್ರಿ, ಅಡ್ಡ ಬಿಸಲು ಬಿದ್ದ ಗ್ವಾಡಿ ನೆನಸ್ರಿ!" ಎಲ್ಲರೂ ಹೌದು ಹೌದು ಎಂದರು. ಅಲ್ಲಿದ್ದವರಲ್ಲಿ ಗೋಡೆ ಗೊತ್ತಿಲ್ಲದವರು ಯಾರಿದ್ದರು?

ಅಷ್ಟರಲ್ಲಿ ಚಂದ್ರ ಜಾರತೊಡಗಿದ. "ಏ, ಹೊಂಟ! ಹೊಂಟ ಹಿಡಿ!" ಎಂದು ಕೂಗಿದೆ. ಓಡುತ್ತಿರುವುದು ಹೆಚ್ಚಾಗಿ ನಮ್ಮ ಭೂಮಿಯೇ ಎಂದು ನಗುತ್ತ ಅವಳು ದುರ್ಬೀನನ್ನು ಕೂದಲೆಳೆಯಷ್ಟು ನೂಕಿದಳು, ಮತ್ತೆ ಬಂದ.

ಒಬ್ಬೊಬ್ಬರೂ ನೋಡಿದರು, ಕಂಡದ್ದನ್ನು ಹೇಳದೆ ಯಾರನ್ನೂ ಅವಳು ಕೆಳಗಿಳಿಸಲಿಲ್ಲ. ನನ್ನ ಗೆಳತಿ ಸುಟ್ಟ ರೊಟ್ಟಿಯ ಅಂಚು ಎಂದಳು. ಒಬ್ಬರು ಸುಣ್ಣದ ಭಟ್ಟಿ ಎಂದರು. ನಮ್ಮ ಯಜಮಾನರು ಬಗ್ಗಿ, ತಡಮಾಡದೆ "ಹಾಂ, ಭಾರಿ ಅದ" ಎಂದು ಏಳಲು ಹೋದರು. "ಏನ್ ಭಾರಿ ಅದ? ಹೇಳ್ರಿ" ಎಂದು ನಾನೇ ಅಡ್ಡ ನಿಂತೆ. ಮತ್ತೆ ಬಗ್ಗಿದರು. ಈ ಸಲ ಭಾಳ ಹೊತ್ತು ಏಳಲಿಲ್ಲ. ಎದ್ದಾಗ ನನ್ನ ಭುಜ ಹಿಡಿದುಕೊಂಡರು. ಅದನ್ನೇ ಉತ್ತರ ಎಂದು ಒಪ್ಪಿಕೊಂಡೆ.

ಗಂಟೆಯಲ್ಲಿ ಮುಗಿಯುವ ಸಾಲು ಎರಡು ಗಂಟೆಯಾದರೂ ಮುಗಿಯಲಿಲ್ಲ. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಸರ್ ಬೈಯುತ್ತಾರೇನೋ ಎಂದು ನನಗೆ ಅಂಜಿಕೆ. ಅವರು ಮೊಮ್ಮಗಳನ್ನು ಕರೆದು ಮರಾಠಿಯಲ್ಲಿ, ಇಷ್ಟು ವರ್ಷ ನಾನು ಕಂಡಿತೇ ಎಂದೇ ಕೇಳುತ್ತ ಬಂದೆ, ಏನು ಕಂಡಿತು ಎಂದು ಕೇಳಬೇಕಾಗಿತ್ತು ಎಂದರು. ಆಮೇಲೆ ಮುಂದಿನ ವಸ್ತಿ ಯಾವುದು, ನೀನೇ ಹೇಳು ಎಂದರು. ನನ್ನ ಹುಡುಗಿ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒತ್ತಿ ಕೆಂಪಾಯಿತು.

ಎಲ್ಲರದೂ ಆದ ಮೇಲೆ ನನಗೆ ಹೊಳೆಯಿತು, ಸಂಜೆಯಿಂದ ನಿಂತೇ ಇದ್ದ ಅವಳು ಒಮ್ಮೆಯೂ ಕಣ್ತುಂಬ ನೋಡಿರಲಿಲ್ಲ.

"ನೀ ನೋಡು ಈಗ. ಸುಮ್ಮ ಅಲ್ಲ, ಹೇಳ್ಬೇಕು. ಕನ್ನಡದಾಗ."

ಅವಳಿಗೆ ಒಂದು ಕಣ್ಣು ಮುಚ್ಚಲು ಬರುತ್ತದೆ. ಆದರೂ ನಮ್ಮ ಹಾಗೆಯೇ ಅಂಗೈ ಇಟ್ಟು ಬಗ್ಗಿದಳು.

"ಆಯಿ, ನೀ ಒಂದು ಬಿಟ್ಟಿ. ಕತ್ತಲಿ ಒಳಗ, ಅಂಚಿನಿಂದ ಆಚಿಗಿ, ಒಂದೇ ಒಂದು ಬೆಳ್ಳಂದು ಚುಕ್ಕಿ ಅದ. ಅದು ಗುಡ್ಡದ ತುದಿ. ಕೆಳಗ ಇನ್ನಾ ಹೊತ್ತು ಹೊಂಟಿಲ್ಲ, ತುದಿಗಿ ಮಾತ್ರ ಬಿಸಲು ಬಿದ್ದದ."

"ಎಲ್ಲಿ? ಸುಳ್ಳ ಹೇಳಬ್ಯಾಡ."

"ಖರೇ ಆಯಿ."

"ಸರಿ ಅತ್ತಾಗ" ಎಂದು ಅವಳನ್ನು ಮೊಣಕೈಯಿಂದ ನೂಕಿ ನಾನು ಬಗ್ಗಿದೆ.