ಜೇನಿನ ಕಣ್ಣಿಗೆ ಕಂಡ ಕರಡಿ

ಅಡುಗೆಮನೆಯ ಮೂಲೆಯಲ್ಲಿ ಬಾಳೆಗೊನೆ ಹಣ್ಣಾಗಿದೆ. ಆ ವಾಸನೆ ಮೂಗಿಗೆ ಬಡಿದರೆ, ಮನೆಯೊಳಗೇ ಇದ್ದರೂ, ಈಗಲೂ ಗಕ್ಕನೆ ತಲೆಯೆತ್ತಿ ಮೇಲೆ ನೋಡುತ್ತೇನೆ... ಹೆಜ್ಜೇನು ಕುಟುಕಿದಾಗ ಏಳುವ ವಾಸನೆಯೂ ಹೀಗೇ ಇರುತ್ತದೆ. ಹೇಳಿಕೊಟ್ಟವರು ನಮ್ಮ ವಿಜ್ಞಾನದ ಮೇಷ್ಟ್ರು.

ಅರವತ್ತರ ದಶಕ, ರಿಪ್ಪನ್‌ಪೇಟೆಯ ಕಡೆ. ನಮ್ಮದು ಗೇಣಿ ಒಕ್ಕಲು. ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಬಿ.ಎಸ್ಸಿ. ಮುಗಿಸಿದವಳೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೇಷ್ಟ್ರು ಒಮ್ಮೆ ನನ್ನ ಕೆಂಪು ರಿಬ್ಬನ್ ಇಸಿದುಕೊಂಡು, "ಇದು ಜೇನಿಗೆ ಕಪ್ಪು ಕಣೇ. ಕೆಂಪು ಅನ್ನೋದು ಅದರ ಲೋಕದಲ್ಲೇ ಇಲ್ಲ" ಎಂದಿದ್ದರು. ನಮಗೆ ಬರೀ ಹಳದಿಯಾಗಿ ಕಾಣುವ ಹೂವಿನಲ್ಲಿ ಅದಕ್ಕೆ ಮಕರಂದದ ದಾರಿ ಬರೆದಂತೆ ಕಾಣುತ್ತದಂತೆ. ಇನ್ನು ಕಪ್ಪಗೆ, ಒರಟಾಗಿ ಅಲುಗಾಡುವುದೆಲ್ಲ ಅದಕ್ಕೆ ಗೂಡು ಕೀಳಲು ಬಂದ ಕರಡಿ.

ಆ ದಿನ ಅಪ್ಪ ನನಗೆ ಬುತ್ತಿ ತಂದಿದ್ದ. ಹೆಗಲ ಮೇಲೆ ಕರಿಕಂಬಳಿ. ಶಾಲೆಯೆದುರಿನ ಬೂರುಗದ ಮರದಡಿ ಬರುವಾಗ ಗಿಡುಗವೊಂದು ಹೆಜ್ಜೇನಿನ ಗೂಡಿಗೆ ಎರಗಿತು. ಜೇನು ಎದ್ದಿತು. ಮಳೆಗೂ ಚಳಿಗೂ ಕಂಬಳಿಯನ್ನೇ ನಂಬಿ ಬೆಳೆದವನು ಅಪ್ಪ. ಅದನ್ನೇ ತಲೆತುಂಬ ಎಳೆದುಕೊಂಡು ಮುದುಡಿ ಕೂತುಬಿಟ್ಟ. ನೋಡನೋಡುತ್ತಲೇ ಕಂಬಳಿ ಕಾಣದಷ್ಟು ಜೇನು ಮುತ್ತಿತು.

ಓಡಹೊರಟ ನನ್ನನ್ನು ಮೇಷ್ಟ್ರು ಕೋಣೆಯೊಳಗೆ ತಳ್ಳಿ ಬಾಗಿಲೆಳೆದುಕೊಂಡು ಹೊರಟರು. ಕಿಟಕಿಯ ಸಂದಿಯಿಂದ ನೋಡಿದೆ. ಬಿಳಿ ಪಂಚೆ, ಬಿಳಿ ಅಂಗಿ, ನಿಧಾನದ ನಡಿಗೆ... ಬೇಗ ಹೋಗಬಾರದೇ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು.

"ಕಂಬಳಿ ಬಿಸಾಕೋ ಮಾರಾಯ! ಅದಕ್ಕೆ ನೀ ಕರಡಿ ಕಂಡಂಗೆ ಕಾಣ್ತೀಯ!"

"ಬಿಟ್ರೆ ಸತ್ತೇ ಹೋಗ್ತೀನಿ ಮೇಷ್ಟ್ರೇ!"

"ಬಿಡ್ದಿದ್ರೇ ಸಾಯೋದು!"

ಕಂಬಳಿ ಕಿತ್ತು ದೂರ ಎಸೆದರು. ಜೇನು ಅದರ ಬೆನ್ನು ಹತ್ತಿತು. ತಮ್ಮ ಬಿಳಿ ಶಲ್ಯದಿಂದ ಅಪ್ಪನಿಗೆ ಮುಸುಕು ಹಾಕಿ ಎಳೆದು ತಂದರು. ಅವರ ಮುಖ ಮುಚ್ಚಿಕೊಳ್ಳಲು ಏನೂ ಉಳಿಯಲಿಲ್ಲ. ಅಷ್ಟು ಬಿಳಿಯ ನಡುವೆ ಜೇನಿಗೆ ಕಂಡ ಕಪ್ಪೆಂದರೆ ಕೂದಲು, ಹುಬ್ಬು, ಕಣ್ಣು...

ಅಪ್ಪ ಬದುಕಿದ. ಮೇಷ್ಟ್ರ ಬಲಗಣ್ಣು ಹೋಯಿತು.

ಮುಂದೆ ಘಟಿಕೋತ್ಸವದ ಫೋಟೋ ತೋರಿಸಲು ಅಪ್ಪನೊಂದಿಗೆ ಮೇಷ್ಟ್ರ ಮನೆಗೆ ಹೋಗಿದ್ದೆ. ಕಪ್ಪು ಗೌನಿನಲ್ಲಿದ್ದ ನನ್ನನ್ನು ಎಡಗಣ್ಣಿಗೆ ಹತ್ತಿರ ಹಿಡಿದು, "ಈ ವೇಷದಲ್ಲಿ ಬೂರುಗದ ಹತ್ರ ಹೋಗ್ಬೇಡ ಮಾರಾಯ್ತಿ" ಎಂದು ನಕ್ಕರು. ಅಪ್ಪ ನಗಲಿಲ್ಲ. "ಕಣ್ಣಾದ್ರೂ ಮುಚ್ಕೊಂಡು ಬರ್ಬಾರ್ದಿತ್ತಾ ಮೇಷ್ಟ್ರೇ?" ಎಂದ.

"ಮುಚ್ಕೊಂಡ್ರೆ ನೀ ಕಾಣ್ಬೇಕಲ್ಲೋ!"

ಈಗ ಇಬ್ಬರೂ ಇಲ್ಲ. ಗೊನೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದೆ. ವಾಸನೆ ಇನ್ನೂ ಹೋಗಿಲ್ಲ...