ಗಂಗತ್ತೆಯ ದಾಸವಾಳ

ದಾಸವಾಳಕ್ಕೆ ವಾಸನೆ ಎಲ್ಲಿದೆ, ನೀವೇ ಹೇಳಿ ನೋಡೋಣ? ಮೊನ್ನೆ ನಮ್ಮ ಹಿರಿಯೂರಿನ ಮನೆಯಲ್ಲಿ ಸೊಸೆ ಶಾಂಪೂ ಪ್ಯಾಕೆಟ್ಟೊಂದನ್ನು ಹರಿದಳು. ಮೇಲೆ ಕೆಂಪು ದಾಸವಾಳದ ಚಿತ್ರ, ಒಳಗಿನಿಂದ ತಲೆ ಸಿಡಿಯುವಂಥ ಘಮಲು. "ಎಸಿಯೇ ಅದನ್ನ!" ಎಂದು ಕೂಗಿಬಿಟ್ಟೆ. ಪಾಪ, ಅವಳು ಬೆಚ್ಚಿಬಿದ್ದಳು.

ಐಮಂಗಲದ ನಮ್ಮ ಹಳೇ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಸೂರಿನೆತ್ತರದ ದಾಸವಾಳದ ಗಿಡವಿತ್ತು. ನಿಮ್ಮ ಬಾಲ್ಯದಲ್ಲೂ ಅಂಥದೊಂದು ಇದ್ದಿರಬೇಕು. ನೆಟ್ಟವಳು ಅಪ್ಪನ ತಂಗಿ ಗಂಗತ್ತೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಪಾತಿ ಮಾಡಿದವಳೂ ಬೂದಿ ಎರಚಿ ಹುಳ ಓಡಿಸಿದವಳೂ ಅವಳೇ. ಬೆಳಗಾದರೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಹಾಜರು. "ನೀನು ಮುಟ್ಟಬ್ಯಾಡ ಗಂಗಮ್ಮ, ದೇವ್ರಿಗೆ. ನಾವೇ ಕಿತ್ಕಂತೀವಿ" ಎನ್ನುತ್ತಿದ್ದರು. ಅವಳು ಹಾಕಿದ ನೀರು ಆಗುತ್ತಿತ್ತು, ಅವಳ ಕೈ ಆಗುತ್ತಿರಲಿಲ್ಲ. ಇವರ ಮಡಿಗಿಷ್ಟು ಬೆಂಕಿ ಹಾಕ!

ಒಮ್ಮೆ ನಾನೇ ಅವಳ ತುರುಬಿಗೆ ಒಂದು ಹೂ ಸಿಕ್ಕಿಸಿದೆ. ಅಜ್ಜಿ ಓಡಿಬಂದು ಕಿತ್ತೆಸೆದಳು. ಹೂವಿನ ಜೊತೆ ಕೂದಲೂ ಕಿತ್ತು ಬಂತು. ಗಂಗತ್ತೆ ಅಳಲಿಲ್ಲ. ಒಂದು ಹಿಡಿ ಎಲೆ ತರಿದು ಒರಳಿಗೆ ಹಾಕಿದಳು. "ಹೂವ ಬ್ಯಾಡ ಅಂದವ್ರೆ, ಸೊಪ್ಪು ಬ್ಯಾಡ ಅಂದಿಲ್ಲ. ಬಾರೇ ಇಲ್ಲಿ" ಎಂದು ಹಸಿರು ಲೋಳೆಯನ್ನು ನನ್ನ ತಲೆಗೂ ತನ್ನ ತಲೆಗೂ ತಿಕ್ಕಿದಳು. ಆಮೇಲೆ ವಾರವಾರವೂ ಅದೇ: ಹಸಿ ಸೊಪ್ಪಿನ ತಣ್ಣನೆ ವಾಸನೆ, ಹಂಡೆಯೊಲೆಯ ಹೊಗೆ, ಕುತ್ತಿಗೆಗೆ ಇಳಿಯುವ ಲೋಳೆ. ಅವಳ ಕಪ್ಪು ಕೂದಲು ಮಂಡಿ ಮುಟ್ಟುತ್ತಿತ್ತು. ಹೂ ಒಯ್ಯುವವರೆಲ್ಲ ಅದನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಅವಳು ಹಾಸಿಗೆ ಹಿಡಿದ ವರ್ಷ ನಮ್ಮಣ್ಣ ಬೈಕಿಗೆ ಜಾಗ ಬೇಕೆಂದು ಗಿಡ ಕಡಿಸಿ ಸಿಮೆಂಟು ಹಾಕಿಸಿದ. "ಬರೀ ಕಸ ಬೀಳ್ತಿತ್ತು ಕಣೇ" ಎಂದ. ಕಸವಂತೆ! ಅವಳು ಹೋದ ಎಷ್ಟೋ ವರ್ಷದ ಮೇಲೆ ಹೆದ್ದಾರಿ ಅಗಲವಾದಾಗ ಆ ಸಿಮೆಂಟೂ ಮನೆಯೂ ಹೋದವು, ಅದು ಬೇರೆ ಮಾತು. ಗಂಗತ್ತೆ ಸತ್ತ ದಿನ ಓಣಿಗೆ ಓಣಿಯೇ ಬಂದಿತ್ತು. ಅಷ್ಟು ವರ್ಷ ಬುಟ್ಟಿ ತುಂಬಿಕೊಂಡವರಲ್ಲಿ ಒಬ್ಬಳ ಕೈಯಲ್ಲೂ ಒಂದು ಹೂವಿರಲಿಲ್ಲ. ಗಂಗತ್ತೆಯ ತಲೆಗೆ ಸೊಪ್ಪು ತರಲು ಎದ್ದ ನಾನು, ಸಿಮೆಂಟು ನೆನಪಾಗಿ ಹಿತ್ತಿಲ ಬಾಗಿಲಿಂದಲೇ ಹಿಂದಿರುಗಿದೆ. ಹೆಣಕ್ಕೆ ನೀರು ಹಾಕುವಾಗ ಯಾರೋ ಅಂಗಡಿಯಿಂದ ಇಂಥದೇ ಶಾಂಪೂ ಪ್ಯಾಕೆಟ್ ತಂದು, ಹಲ್ಲಲ್ಲಿ ಹರಿದು, ಆ ಕೂದಲಿಗೆ ಸುರಿದರು. ಹರಿದ ಚೂರೊಂದು ಅವಳ ಒದ್ದೆ ತಲೆಗೆ ಅಂಟಿಕೊಂಡಿತು. ಅದರ ಮೇಲೊಂದು ಕೆಂಪು ದಾಸವಾಳ. ಅದನ್ನು ಮಾತ್ರ ಯಾರೂ ಕಿತ್ತೆಸೆಯಲಿಲ್ಲ.